ನೊಝುಕೊಳ ಎರಡನೇ ಚರಣ

ನೊಝುಕೊಳ ಹಾಡುಗಳು ಆಮೇಲೆ ಗ್ರಾಮಫೋನ್ ಪ್ಲೇಟುಗಳಾಗಿ ಜೊಹಾನ್ಸ್‌ಬರ್ಗಿನಿಂದ ಊರೂರಿಗೆ ಹೋದವು. ಹುಟ್ಟಾ ಹಾಡುಗಾರ್ತಿ ಅಂತಾರೆ ಈಗಿನವರು. ಏನು ಮಣ್ಣು! ನಮ್ಮ ಕೊಮಾನಿ ಊರಿನಲ್ಲಿ ಬಿಳಿಯರ ಬಟ್ಟೆ ಒಗೆದು, ಇಸ್ತ್ರಿ ಹಾಕಿ, ಉಳಿದ ಹೊತ್ತಲ್ಲಿ ಹಟಕ್ಕೆ ಬಿದ್ದು ಹಾಡು ಕಟ್ಟುತ್ತಿದ್ದವಳು ಅವಳು. ಹಾಡಿನ ಗುಂಪಿನಲ್ಲಿ ಅವಳೂ ಸೇರಿ ನಾವು ನಾಲ್ವರು, ಕೆಳದನಿ ನನ್ನದು. ನಮಗೆಲ್ಲ ಗ್ರಾಮಫೋನಿನಲ್ಲಿ ಕೇಳಿದ ಅಮೆರಿಕದ ಜಾಝ್ ಹಾಡುಗಳೇ ಸಾಕಾಗಿದ್ದವು. ಅವಳಿಗೆ ಸಾಲದು. ಅವರ ಹಾಡು ಅವರು ಹಾಡಿಕೊಳ್ಳಲಿ, ನಮ್ಮ ಸಂಕಟ ಯಾರು ಹಾಡ್ತಾರೆ ಅನ್ನುವಳು.

ಅವಳ ಗಂಡ ವೆಲಿಲೆ ಚಿನ್ನದ ಗಣಿ ಕುಸಿದು ಸತ್ತಿದ್ದ. ಹೆಣ ಮೇಲೆ ಬರಲೇ ಇಲ್ಲ. ಅವನ ಮೇಲೆಯೇ ಅವಳು ಮೊದಲ ಹಾಡು ಕಟ್ಟಿದ್ದು. ಮೊದಲ ಚರಣದಲ್ಲಿ ಅವನು ರೈಲು ಹತ್ತುತ್ತಾನೆ, ಎರಡನೆಯದರಲ್ಲಿ ಬಂಡೆಯಡಿ ಮಲಗುತ್ತಾನೆ.

ಆ ಎರಡನೇ ಚರಣ ಊರು ಕೇಳಿರಲೇ ಇಲ್ಲ. ಟೀ ಕುಡಿಯುತ್ತಾ ಹಾಡು ಕೇಳುವ ನಮ್ಮ ಶನಿವಾರದ ಕಛೇರಿಗಳಲ್ಲಿ ಕಾಸಿನದೇ ಕಾರುಬಾರು. ಯಾರಾದರೂ ಚೇರ್ಮನ್ ಸೊಂತಿಯ ಮೇಜಿನ ಮೇಲೆ ನಾಣ್ಯ ಇಟ್ಟು 'ಇವಳು ಕೂರಲಿ' ಅಂದರೆ ಹಾಡು ಅರ್ಧಕ್ಕೇ ನಿಲ್ಲಬೇಕು. ಅದಕ್ಕಿಂತ ದೊಡ್ಡ ನಾಣ್ಯ ಇಟ್ಟವರು ಮತ್ತೆ ಎಬ್ಬಿಸಬಹುದು. ಮೊದಲ ಚರಣ ಮುಗಿಯುತ್ತಿದ್ದಂತೆ ವೆಲಿಲೆಯ ತಾಯಿ ಮಾಡ್ಲೊಮೊ ಕರವಸ್ತ್ರದ ಗಂಟು ಬಿಚ್ಚಿ ಸೊಸೆಯನ್ನು ಕೂರಿಸಿಬಿಡುತ್ತಿದ್ದಳು. ಮುದುಕಿಗೆ ಹೊಟ್ಟೆಕಿಚ್ಚು ಅಂತ ಜನ ಆಡಿಕೊಂಡು ನಗುತ್ತಿದ್ದರು. ಮುಂದಿನ ಶನಿವಾರ ನೊಝುಕೊ ಮತ್ತೆ ಅದನ್ನೇ ಎತ್ತಿಕೊಳ್ಳುವಳು.

ಪ್ಲೇಟು ಕಂಪನಿಯವನು ಹೊಸ ಹಾಡು ಹುಡುಕಿಕೊಂಡು ಬರುತ್ತಾನೆ ಅಂತ ಸುದ್ದಿ ಬಂದಾಗ ಅವಳು ಅತ್ತೆಯನ್ನು ನೇರವಾಗಿ ಕೇಳಿದಳು, ನನ್ನ ಯಾಕೆ ಕೂರಿಸ್ತೀರಿ ಅಂತ. ಅಂಗಳದಲ್ಲಿ ನಾನೂ ಇದ್ದೆ. ಮುದುಕಿ ಹುರುಳಿಕಾಳು ಆರಿಸುತ್ತಾ ತಲೆ ಎತ್ತದೆ ಹೇಳಿದಳು:

"ಹೆಣ ನೋಡಿದ್ದೀಯಾ ನೀನು? ನಾನೂ ನೋಡಿಲ್ಲ. ನೋಡದೆ ನನ್ನ ಮಗನ್ನ ಹೂಳಬೇಡ."

"ಹೂಳೋಕೆ ಗಣಿಯವ್ರು ನಮ್ಗೆ ಏನ್ ಕೊಟ್ರು ಅತ್ತೆ? ಹಾಡಲ್ಲೇ ಹೂಳಬೇಕು. ನಾನು ಹಾಡೋಳೇ."

ಆ ಶನಿವಾರ ಕಂಪನಿಯವನು ಮುಂದಿನ ಬೆಂಚಿನಲ್ಲಿ ಕೂತಿದ್ದ. ಮೊದಲ ಚರಣ ಮುಗಿಯಿತು, ಅತ್ತೆಯ ನಾಣ್ಯ ಬಿತ್ತು, ನೊಝುಕೊ ಕೂತಳು. ಅವನು ನಗುತ್ತಾ ದೊಡ್ಡ ನಾಣ್ಯ ಇಟ್ಟು ಎಬ್ಬಿಸಿದ. ಮಾಡ್ಲೊಮೊ ಕರವಸ್ತ್ರವನ್ನೆಲ್ಲ ತಡಕಾಡಿದಳು, ಏನೂ ಉಳಿದಿರಲಿಲ್ಲ. ಜನ ಗೊಳ್ಳೆಂದು ನಕ್ಕರು.

ನೊಝುಕೊ ಅತ್ತೆಯ ಮುಖದಿಂದ ಕಣ್ಣು ಕೀಳದೆ ಎರಡನೇ ಚರಣ ಎತ್ತಿದಳು. ಬಂಡೆಯ ಮಾತು ಬಂದಾಗ ಮುದುಕಿ ಎದ್ದು ಬರಿಗೈಯಲ್ಲೇ ಮೇಜಿನತ್ತ ನಡೆದಳು. ನಾವು ಮೂವರೂ ಹೆದರಿ ದನಿ ತಗ್ಗಿಸಿದೆವು. ಅವಳು ತಗ್ಗಿಸಲಿಲ್ಲ, ಕೊನೆಯ ಸಾಲಿನವರೆಗೂ ಹಾಡಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮಾಡ್ಲೊಮೊ ಮೇಜು ಹಿಡಿದು ನಿಂತಳು. ಇವಳನ್ನ ಕೂರಿಸಬೇಡಿ ಅಂತ ಚೇರ್ಮನ್ನನಿಗೆ ಹೇಳಿದಳು. ಆಮೇಲೆ ಸೊಸೆಯತ್ತ ತಿರುಗಿದಳು.

"ಹೌದು, ಸತ್ತ ನನ್ನ ಮಗ. ಇನ್ನೊಂದ್ ಸಲ ಹಾಡೇ. ನಾನು ಅಳಬೇಕು."