ಕರಡಿ ಸೀಮೆಯ ಕೆಮ್ಮು

ದೋಹಾದಲ್ಲಿ ಬೇಟೆಯ ಬಂದೂಕು, ಸ್ಕೋಪು, ದುರ್ಬೀನು ಮಾರುವ ಅಂಗಡಿಯೊಂದರಲ್ಲಿ ನಾನು ಸೇಲ್ಸ್‌ಮನ್ ಆಗಿದ್ದೆ. ಜೀವಮಾನದಲ್ಲಿ ಒಂದು ಗುಬ್ಬಿಯನ್ನೂ ಹೊಡೆದವನಲ್ಲ. ಆದರೂ ಜಿಂಕೆಗೆ ಯಾವ ಗುಂಡು, ಕರಡಿಗೆ ಯಾವ ಗುಂಡು ಎಂದು ಗಿರಾಕಿಗಳಿಗೆ ಪುರಾಣ ಹೇಳುತ್ತಿದ್ದೆ. ಕರಡಿಯನ್ನು ನಿಜವಾಗಿ ಕಂಡವರು ನನ್ನ ಮಾವ, ಹೆಂಡತಿಯ ಅಪ್ಪ.

ಅವರು ಕರಡಿಗಳಿಗೆ ಹೆಸರಾದ ದರೋಜಿ ಕಡೆಯವರು. ಹಿಂದೆ ಶೇಂಗಾ ಹೊಲ ಕಾಯಲು ಹೋದಾಗ ಕರಡಿ ಮೇಲೆ ಬಿದ್ದು ಬಲಗಣ್ಣನ್ನೂ ಅರ್ಧ ಕೆನ್ನೆಯನ್ನೂ ಕಿತ್ತಿತ್ತು. ಅಂದಿನಿಂದ ಆ ಕಡೆಯ ಮುಖಕ್ಕೆ ಟವೆಲ್ಲೇ ಗತಿ. ಆ ಸೀಮೆಯಲ್ಲಿ ಪೊದೆ ಬಂದಲ್ಲಿ, ದಾರಿ ತಿರುಗಿದಲ್ಲಿ ಜನ ಕೆಮ್ಮಿಯೇ ಮುಂದೆ ಹೆಜ್ಜೆ ಇಡುತ್ತಾರೆ. ಮನುಷ್ಯ ಬಂದನೆಂದು ಗೊತ್ತಾದರೆ ಕರಡಿ ತಾನಾಗಿ ಸರಿದುಹೋಗುತ್ತದೆ. ಗಾಬರಿಬಿದ್ದರೆ ಮೈಮೇಲೆ ಬರುತ್ತದೆ.

ಮೊಮ್ಮಗಳನ್ನು ನೋಡಲು ವಿಸಿಟ್ ವೀಸಾದಲ್ಲಿ ಬಂದ ಮಾವ ಐನ್ ಖಾಲಿದ್‌ನ ನಮ್ಮ ಮನೆಯಲ್ಲೂ ಕೆಮ್ಮತೊಡಗಿದರು. ನಡುಮನೆಗೆ ಕಾಲಿಡುವ ಮುಂಚೆ ತಪ್ಪದೆ ಒಂದು ಕೆಮ್ಮು. "ಮಾವ, ಇಲ್ಲಿ ಒಂಟೆ ಬಿಟ್ರೆ ಬೇರೇನಿಲ್ಲ" ಎಂದು ಚೇಷ್ಟೆ ಮಾಡಿದೆ. ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದಳು.

"ಕೂಸನ್ನ ನಾ ಒಳಗೆ ಕರ್ಕೊಂಡು ಹೋಗ್ಲಿ ಅಂತ ಕೆಮ್ತಾನ್ರಿ ಅಪ್ಪ. ತನ್ನ ಮುಖ ನೋಡಿದ್ರೆ ಹೆದರ್ತೈತೆ ಅಂತ."

ಬೆಳಿಗ್ಗೆ ಹೋಗಿ ರಾತ್ರಿ ಬರುವ ನನಗೆ ಇದು ತಿಳಿದೇ ಇರಲಿಲ್ಲ. ಬಂದಾಗಿನಿಂದ ಅವರು ಮಗುವನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ಸಂಕಟವಾಯಿತು. ಊರಲ್ಲಿ ಕರಡಿಗೆ ಹೆದರಿ ಕೆಮ್ಮುತ್ತಿದ್ದವರು ಇಲ್ಲಿ ತಾವೇ ಕರಡಿ ಎಂದುಕೊಂಡಿದ್ದರು.

ಬೇಜಾರು ಕಳೆಯಲೆಂದು ಒಂದು ಸಂಜೆ ಅಂಗಡಿಗೆ ಕರೆದೊಯ್ದೆ. ಪರದೇಶದ ಕಾಡಿಗೆ ಕರಡಿ ಬೇಟೆಗೆ ಹೊರಟಿದ್ದ ಖತಾರಿ ಹಿರಿಯರೊಬ್ಬರು ಬಂದಿದ್ದರು. ರೈಫಲ್ ಆರಿಸಿಯಾಗಿತ್ತು, ಗುರಿ ನೋಡಲು ಅದರ ಮೇಲೆ ಕೂರಿಸುವ ಸ್ಕೋಪು ಮಾತ್ರ ಎಲ್ಲಕ್ಕಿಂತ ದೊಡ್ಡದು ಮಾಡಿ ತೋರಿಸುವುದೇ ಬೇಕೆಂದು ಹಟ. ಅದರಲ್ಲಿ ಹತ್ತಿರದ ಕರಡಿ ಬರೀ ಕೂದಲಾಗಿ ಕಾಣುತ್ತದೆ, ಪೊದೆಕಾಡಿಗೆ ಅಗಲಕ್ಕೆ ಕಾಣುವ ಸಣ್ಣದೇ ಸರಿ ಎಂದು ನಾನು ಹಿಂದಿಯಲ್ಲಿ ಹೆಣಗುತ್ತಿದ್ದೆ. ಅವರು ಮಾವನನ್ನು ತೋರಿಸಿ, ಇವರೇನು ಹೇಳುತ್ತಾರೆ ಎಂದು ಕೇಳಿದರು.

"ಯಾವ್ದಾರ ಒಯ್ಲಿ, ಮೊದ್ಲು ಕೆಮ್ಲಿ ಅಂತ ಹೇಳ್ರಿ. ಕರಡಿ ಕಂಡ ಮ್ಯಾಲೆ ಬಂದೂಕು ಎತ್ತಾಕೆ ಟೈಮಿರಲ್ಲ."

ನಾನು ಅದನ್ನು ಹಿಂದಿಯಲ್ಲಿ ಹೇಳುವಷ್ಟರಲ್ಲಿ ಮಾವನ ಟವೆಲ್ಲು ಸರಿದಿತ್ತು. ಹಿರಿಯರು ಆ ಕೆನ್ನೆಯನ್ನು ನೋಡಿದರು. "ಖಲಾಸ್, ಸಣ್ಣದೇ ಕೊಡು" ಎಂದರು.

ಮಾವನ ಕಣ್ಣು ಮಾತ್ರ ದುರ್ಬೀನಿನ ಮೇಲಿತ್ತು. "ಇದ್ರಾಗೆ ಎಷ್ಟು ದೂರದಿಂದ ಕಾಣ್ತೈತೆ?" ಎಂದು ಕೇಳಿದರು. ಮರುಭೂಮಿ ನೋಡುವ ಆಸೆಯಿರಬೇಕೆಂದು, ಮಾಲೀಕರನ್ನು ಕೇಳಿ ಒಂದನ್ನು ಶುಕ್ರವಾರದ ರಜೆಗೆ ಮನೆಗೆ ತಂದೆ.

ಮಾವ ಎಲ್ಲಿಗೂ ಹೊರಡಲಿಲ್ಲ. ಅಂಗಳದಾಚೆ, ಗೇಟಿನ ಹತ್ತಿರ ನೆಲದ ಮೇಲೆ ಕುಳಿತು, ವರಾಂಡದ ಚಾಪೆಯ ಮೇಲಿದ್ದ ಮಗುವಿನ ಕಡೆ ದುರ್ಬೀನು ತಿರುಗಿಸಿದರು.

"ಅಳಿಯಂದ್ರೇ, ಮ್ಯಾಲಿನ ಹಲ್ಲು ಮೂಡೈತೆ ನೋಡ್ರಿ!"

ದಿನಾ ಮುದ್ದಾಡುವ ನನಗೇ ಅದು ಕಂಡಿರಲಿಲ್ಲ. ಸಮುದ್ರ ದಾಟಿ ಬಂದವರಿಗೆ ಈ ಅಂಗಳ ದಾಟಲಾಗಿರಲಿಲ್ಲ.

ಅಷ್ಟರಲ್ಲಿ ಧೂಳಿಗೆ ಅವರಿಗೆ ಕೆಮ್ಮು ಬಂತು. ಚಾಪೆಯಿಂದ ಉತ್ತರ ಬಂತು: "ಖೆ, ಖೆ."

ಮಾವ ದುರ್ಬೀನು ಇಳಿಸಿದರು. ಅನುಮಾನದಿಂದಲೇ ಇನ್ನೊಮ್ಮೆ ಕೆಮ್ಮಿದರು. ಮಗುವೂ ಕೆಮ್ಮಿತು, ಕೆಮ್ಮಿ, ನಕ್ಕು, ಅಂಬೆಗಾಲಿಟ್ಟು ಅಂಗಳಕ್ಕೆ ಇಳಿಯಿತು. ಗೋಡೆಯಾಚೆಯಿಂದ ದಿನವೂ ಕೇಳುತ್ತಿದ್ದ ಆ ಸದ್ದು ಅದಕ್ಕೆ ಆಗಲೇ ಪರಿಚಯವಾಗಿತ್ತು.

"ಮಗಳೇ, ಕೂಸನ್ನ ಹಿಡೀ!" ಮಾವ ಕೂಗಿದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕದಲಲಿಲ್ಲ. ನಾನೂ ಕದಲಲಿಲ್ಲ. ಮಗು ಅವರ ಮೊಣಕಾಲು ಹಿಡಿದು ಎದ್ದು ನಿಂತಿತು, ಟವೆಲ್ಲು ಎಳೆಯಿತು, ಆ ಹರಿದ ಕೆನ್ನೆಯ ಮೇಲೆ ಅಂಗೈಯಿಟ್ಟು ಇನ್ನೊಮ್ಮೆ ಕೆಮ್ಮಿತು.

ಮಾವನ ಒಂಟಿಗಣ್ಣು ತುಂಬಿ ಹರಿಯುತ್ತಿತ್ತು. ನನ್ನ ಕಡೆ ನೋಡದೆಯೇ ದುರ್ಬೀನು ಚಾಚಿದರು.

"ಅಳಿಯಂದ್ರೇ, ಇದನ್ನ ಹಿಡ್ಕೊಳ್ರಿ. ನಂಗೆ ಎರಡೂ ಕೈ ಬೇಕು."