ಮನಿಲಾದ ಮಸೂದೆ, ಬೆರ್ರಿಯೆಸಾದ ಗ್ಯಾರೇಜು

ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಬೆರ್ರಿಯೆಸಾದಲ್ಲಿ ನಮ್ಮ ಎದುರು ಮನೆಯವಳು ಫಿಲಿಪೀನ್ಸಿನವಳು, ಆಸ್ಪತ್ರೆಯಲ್ಲಿ ನರ್ಸು. ಭಾನುವಾರ ಮಧ್ಯಾಹ್ನ ಅವಳ ಗ್ಯಾರೇಜಿನಿಂದ ಮ್ಯಾಂಡೊಲಿನ್‌ನಂಥ ದನಿ ಕೇಳಿಬರುತ್ತಿತ್ತು. ನಾನು ಹುಬ್ಬಳ್ಳಿಯಲ್ಲಿ ಸೋದರಮಾವನ ಹತ್ತಿರ ಮ್ಯಾಂಡೊಲಿನ್ ಕಲಿತವಳು. ಅವನು ಮದುವೆ ಮನೆಗಳಲ್ಲಿ ನುಡಿಸುವ ಆರ್ಕೆಸ್ಟ್ರಾದಲ್ಲಿದ್ದ. ಇಲ್ಲಿಗೆ ಬಂದ ಮೇಲೆ ವಾದ್ಯ ಮುಟ್ಟಿದ್ದೇ ಕಡಿಮೆ, ಆದರೆ ಆ ದನಿ ಕಿವಿಗೆ ಬಿದ್ದರೆ ಬಲಗೈ ಬೆರಳುಗಳು ಸುಮ್ಮನಿರುವುದಿಲ್ಲ. ಒಂದು ಭಾನುವಾರ ಗ್ರೋಸರಿ ಚೀಲವನ್ನು ಕೈಯಲ್ಲೇ ಹಿಡಿದುಕೊಂಡು ರಸ್ತೆ ದಾಟಿ ಅವಳ ಗ್ಯಾರೇಜಿನ ಬಾಗಿಲಲ್ಲಿ ನಿಂತುಬಿಟ್ಟೆ.

ಒಳಗೆ ಏಳೆಂಟು ಜನ ಅರ್ಧವೃತ್ತದಲ್ಲಿ ಕೂತಿದ್ದರು. ನರ್ಸಿನ ತೊಡೆಯ ಮೇಲಿದ್ದ ವಾದ್ಯಕ್ಕೆ ಪೇರಳೆ ಹಣ್ಣಿನಂಥ ಹೊಟ್ಟೆ, ಹದಿನಾಲ್ಕು ತಂತಿ. ಅದರ ಹೆಸರು ಬಂಡೂರಿಯಾ ಎಂದಳು. ನಾನು ನೋಡುತ್ತಿದ್ದ ರೀತಿ ನೋಡಿ ಅದನ್ನು ನನ್ನ ಕೈಗೇ ಕೊಟ್ಟಳು. ಶ್ರುತಿ ಬೇರೆ, ಆದರೆ ಮೀಟುವ ಕಡ್ಡಿ ಅದೇ, ಮಣಿಕಟ್ಟಿನ ನಡುಕ ಅದೇ. ಎರಡು ತಿಂಗಳಲ್ಲಿ ನಾನು ಅವರ ತಂಡದಲ್ಲಿದ್ದೆ. ಈ ಮಾತಿಗೆ ಮೂರು ವರ್ಷದ ಹತ್ತಿರವಾಯಿತು.

ಮಸೂದೆಯ ಸುದ್ದಿ ಬಂದದ್ದು ಕಳೆದ ವರ್ಷ. ನರ್ಸಿನ ಅಣ್ಣ ಮನಿಲಾದಲ್ಲಿ ಸಂಗೀತಗಾರರ ಒಂದು ಸಂಘದಲ್ಲಿದ್ದಾನೆ. ಅಲ್ಲಿನ ಸಂಸತ್ತಿನ ಮುಂದೆ ಸ್ಥಳೀಯ ಸಂಗೀತಕ್ಕೆ ಬೆಂಬಲ ಕೊಡುವ ಒಂದು ಮಸೂದೆ ಬಂದಿದೆ, ಹೊರದೇಶದಲ್ಲಿರುವ ಫಿಲಿಪಿನೋ ಸಂಗೀತಗಾರರೂ ಅಭಿಪ್ರಾಯ ಬರೆದು ಕಳಿಸಿ ಎಂದು ಅವನು ಕೇಳಿದ್ದ. ಮಸೂದೆಯಲ್ಲಿ ಮುಖ್ಯವಾಗಿ ಎರಡು ಮಾತು. ಹೊರದೇಶದ ಕಲಾವಿದರು ಅಲ್ಲಿ ಕಾರ್ಯಕ್ರಮ ಕೊಟ್ಟರೆ, ಅವರಿಗಿಂತ ಮೊದಲು ಒಬ್ಬ ಫಿಲಿಪಿನೋ ಕಲಾವಿದ ಹಾಡಲೇಬೇಕು. ಮತ್ತೆ ರೇಡಿಯೋದವರು ಪ್ರತಿ ಗಂಟೆಯೂ ಇಷ್ಟು ಎಂದು ಸ್ಥಳೀಯ ಹಾಡುಗಳನ್ನು ಹಾಕಲೇಬೇಕು. ನರ್ಸು ಮುಂದಿನ ಎರಡು ಭಾನುವಾರ ಚರ್ಚೆ ಇಟ್ಟುಕೊಂಡಳು. ಯಾರ ಪಕ್ಷವೂ ಅಲ್ಲದವಳು ಎಂದು ಬರೆದುಕೊಳ್ಳುವ ಕೆಲಸವನ್ನು ನನಗೆ ವಹಿಸಿದಳು.

ಮನೆಯಲ್ಲಿ ಹೇಳಿದಾಗ ನನ್ನ ಗಂಡ, ಮಂಡ್ಯದವನು, ಪಾತ್ರೆ ತೊಳೆಯುತ್ತಾ, "ಇದ್ರಲ್ಲಿ ಡಿಬೇಟ್ ಮಾಡಕ್ಕೇನಿದೆ? ಕಡ್ಡಾಯ ಮಾಡ್ಬೇಕು ಅಷ್ಟೇ" ಎಂದ. ಬೆಂಗಳೂರಿನಲ್ಲಿ ಎಫ್‌ಎಂ ಹಾಕಿದರೆ ಬರೀ ಹಿಂದಿ ಹಾಡು ಬರುತ್ತಿದ್ದ ಕಾಲದ ಸಿಟ್ಟು ಅವನಿಗೆ ಇನ್ನೂ ಇದೆ. ಕಾಲೇಜಿನಲ್ಲಿದ್ದಾಗ ಸ್ಟೇಷನ್ನಿಗೆ ಫೋನು ಮಾಡಿ ಕನ್ನಡ ಹಾಡು ಕೇಳಿದರೆ, ಫೋನೆತ್ತಿದವಳು ಹಿಂದಿಯಲ್ಲಿ ಉತ್ತರ ಕೊಟ್ಟಳಂತೆ. ಅದನ್ನು ಹೇಳುವಾಗ ಈಗಲೂ ಅವನ ಕೈಯಲ್ಲಿನ ತಟ್ಟೆ ಸದ್ದು ಮಾಡುತ್ತದೆ.

ಮೊದಲ ಭಾನುವಾರ ನರ್ಸು ಮಸೂದೆಯನ್ನು ಗಟ್ಟಿಯಾಗಿ ಓದಿದಳು. ಅವರು ಮಾತಾಡುವುದು ಇಂಗ್ಲಿಷು, ಮಾತು ಬಿಸಿಯಾದಾಗ ತಮ್ಮ ತಗಾಲೊಗು ಭಾಷೆ. ಅರ್ಥವಾಗದ್ದನ್ನು ನಾನು ಪಕ್ಕದವರಿಂದ ಕೇಳಿ ಬರೆದುಕೊಳ್ಳುತ್ತಿದ್ದೆ. ಓದು ಮುಗಿಯುವ ಮೊದಲೇ ನರ್ಸಿನ ತಂಗಿಯ ಮಗಳು ಕೈಯೆತ್ತಿದಳು. ಅವಳು ಇಪ್ಪತ್ತಾರರ ಗಾಯಕಿ, ಇಲ್ಲೇ ಡೇಲಿ ಸಿಟಿಯಲ್ಲಿ ಹುಟ್ಟಿದವಳು, ಸ್ಯಾನ್ ಫ್ರಾನ್ಸಿಸ್ಕೋದ ಸಣ್ಣ ಸಣ್ಣ ಕೆಫೆಗಳಲ್ಲಿ ಹಾಡುತ್ತಿದ್ದಳು. ಅವಳನ್ನು ಮನಿಲಾದಲ್ಲೊಂದು ಕಾರ್ಯಕ್ರಮಕ್ಕೆ ಕರೆದಿದ್ದರು. ಕಲಾವಿದರ ವ್ಯಾಖ್ಯೆ ಇರುವ ಭಾಗವನ್ನು ಇನ್ನೊಮ್ಮೆ ಓದು ಎಂದಳು. ನರ್ಸು ಓದಿದಳು. ಅಲ್ಲಿನ ಪೌರತ್ವ ಇಲ್ಲದವರು ಹೊರದೇಶದ ಕಲಾವಿದರು ಎಂದಿತ್ತು.

"ಹಾಗಾದ್ರೆ ನಾನು ಫಾರಿನ್ನು" ಎಂದಳು ಹುಡುಗಿ. "ಇಲ್ಲಿ ಸ್ಕೂಲಲ್ಲಿ ನನ್ನ ಊಟದ ಡಬ್ಬಿ ನೋಡಿ ಮೂಗು ಮುಚ್ಕೊಂಡವರಿಗೆ ಇದನ್ನ ಹೇಳ್ಬೇಕಿತ್ತು."

ಅಲ್ಲಿಂದ ಚರ್ಚೆ ಬೇರೆ ದಾರಿ ಹಿಡಿಯಿತು. ಯಾವುದು ಫಿಲಿಪಿನೋ ಹಾಡು? ತಗಾಲೊಗ್ ಮಾತಿದ್ದರೆ ಸಾಕೇ? ಅಲ್ಲಿಯವನೇ ಇಂಗ್ಲಿಷಿನಲ್ಲಿ ಬರೆದರೆ? ಬೇರೆ ದ್ವೀಪದ ಬೇರೆ ಭಾಷೆಯವರು ಏನು ಮಾಡಬೇಕು? ಸೆಬು ದ್ವೀಪದಿಂದ ಬಂದಿದ್ದ ಒಬ್ಬರು, ಮನಿಲಾದವರಿಗೆ ಫಿಲಿಪಿನೋ ಎಂದರೆ ಮನಿಲಾ ಮಾತ್ರ ಎಂದು ಮುಖ ಊದಿಸಿಕೊಂಡರು. ಆಗ ನರ್ಸು ತನ್ನ ಬಂಡೂರಿಯಾ ಎತ್ತಿ ಹಿಡಿದು, ಇದನ್ನು ತಂದವರು ಸ್ಪೇನಿನವರು, ನಮ್ಮ ಮುತ್ತಜ್ಜಂದಿರು ತಂತಿ ಹೆಚ್ಚು ಮಾಡಿ ನಮ್ಮದು ಮಾಡಿಕೊಂಡರು, ಇದನ್ನು ಯಾವ ಕಾಲಮ್ಮಿಗೆ ಬರೆಯುತ್ತೀರಿ ಎಂದು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. ನಿಮ್ಮಲ್ಲಿ ಹೇಗೆ ಎಂದಳು.

ನನ್ನ ಗಂಡನ ಎಫ್‌ಎಂ ಕತೆ ಹೇಳಿದೆ. ಅವರಿಗೆ ಬಹಳ ಹಿಡಿಸಿತು. ಆದರೆ ಹೇಳುತ್ತಾ ಹೇಳುತ್ತಾ ನನಗೇ ಅನುಮಾನ ಬಂತು. ಹುಬ್ಬಳ್ಳಿಯಲ್ಲಿ ನನ್ನ ಸೋದರಮಾವ ಮದುವೆಗಳಲ್ಲಿ ನುಡಿಸುತ್ತಿದ್ದುದು ಮುಕ್ಕಾಲು ಪಾಲು ಹಿಂದಿ ಸಿನಿಮಾ ಹಾಡು. ಮನೆಯಲ್ಲಿ ಅಜ್ಜಿ ಗುನುಗುತ್ತಿದ್ದುದು ಮರಾಠಿ ನಾಟಕದ ಪದ. ಅದರ ಬೆನ್ನಿಗೇ ದಾಸರ ಪದ. ಯಾವುದೋ ಕಾನೂನು ನಮ್ಮ ಮನೆಯೊಳಗೆ ಬಂದು ಇದರಲ್ಲಿ ನಿಮ್ಮದು ಯಾವುದು ಎಂದು ಕೇಳಿದ್ದರೆ, ಅಜ್ಜಿ "ಎಲ್ಲಾ ನಂದ ಐತಿ, ನೀ ಯಾರು ಕೇಳಾಂವಾ?" ಅನ್ನುತ್ತಿದ್ದಳು. ಅದನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ, ಅರ್ಧ ರುಚಿ ಹೋಯಿತು, ಆದರೂ ಸೆಬುವಿನವರು ತಲೆಯಾಡಿಸಿದರು.

ಅಲ್ಲಿಯವರೆಗೆ ಸುಮ್ಮನಿದ್ದವರು ತಂಡದ ಹಿರಿಯರು. ಎಪ್ಪತ್ತು ದಾಟಿದ ಗಿಟಾರ್ ವಾದಕರು. ಮೂವತ್ತು ವರ್ಷ ಏಷ್ಯಾದ ಊರೂರುಗಳ ಹೋಟೆಲುಗಳಲ್ಲಿ, ಆಮೇಲೆ ಪ್ರವಾಸಿ ಹಡಗುಗಳಲ್ಲಿ ಬೇರೆಯವರ ಹಾಡುಗಳನ್ನು ಬೇರೆಯವರ ದನಿಯಲ್ಲೇ ಹಾಡಿ ಬದುಕಿದವರು. ಅವರು ಮಸೂದೆಯ ಪರ ಎಂದು ಎಲ್ಲರೂ ನಂಬಿದ್ದೆವು. ಅವರು ವಿರೋಧ ಎಂದರು.

"ಮೊದಲು ಹಾಡೋದು ಅಂದ್ರೆ ಏನು ಗೊತ್ತಾ?" ಎಂದು ಕೇಳಿದರು. "ಜನ ಒಳಗೆ ಬರ್ತಾ ಇರ್ತಾರೆ, ಸೀಟು ಹುಡುಕ್ತಾ ಇರ್ತಾರೆ. ನೀನು ಕುರ್ಚಿಗಳಿಗೆ ಹಾಡ್ತೀಯ. ಅದನ್ನ ಕಾನೂನು ಮಾಡಿ ಕೊಡ್ತಾರಂತೆ."

ರೇಡಿಯೋ ನಿಯಮ ಹಿಂದೆಯೂ ಇತ್ತು, ಸ್ಟೇಷನ್ನಿನವರು ಸ್ಥಳೀಯ ಹಾಡುಗಳನ್ನೆಲ್ಲ ಯಾರೂ ಕೇಳದ ಹೊತ್ತಿಗೆ ತುರುಕಿ ಲೆಕ್ಕ ಒಪ್ಪಿಸುತ್ತಿದ್ದರು ಎಂದೂ ಸೇರಿಸಿದರು. ನರ್ಸು ಎದ್ದು ನೂಡಲ್ಸು ಬಿಸಿ ಮಾಡಲು ಹೋದಳು.

ಅವತ್ತು ಹಿರಿಯರನ್ನು ಬಾರ್ಟ್ ರೈಲು ಸ್ಟೇಷನ್ನಿಗೆ ಬಿಡುವ ಸರದಿ ನನ್ನದು. ನನಗೊಂದು ಪ್ರಶ್ನೆ ಕೊರೆಯುತ್ತಿತ್ತು. ಯಾರೂ ಕೇಳದ ಹೊತ್ತಿಗೆ ಹಾಡು ಬರುತ್ತಿತ್ತೆಂದು ಇವರಿಗೆ ಹೇಗೆ ಗೊತ್ತು? ಕಾರು ನಿಲ್ಲಿಸಿದ ಮೇಲೆ ಕೇಳಿಯೇಬಿಟ್ಟೆ. ಅವರು ಸೀಟ್ ಬೆಲ್ಟ್ ಬಿಚ್ಚಿದವರು ಇಳಿಯಲಿಲ್ಲ.

ಅವರು ಸ್ವಂತ ಹಾಡೊಂದನ್ನು ಮಾಡಿದ್ದರಂತೆ, ಇಪ್ಪತ್ತೈದನೆಯ ವಯಸ್ಸಿನಲ್ಲಿ. ಗೆಳೆಯನೊಬ್ಬನ ಸ್ಟುಡಿಯೋದಲ್ಲಿ ರೆಕಾರ್ಡು ಮಾಡಿ ಸ್ಟೇಷನ್ನುಗಳಿಗೆ ಕೊಟ್ಟು ಬಂದಿದ್ದರು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಕೊನೆಗೆ ಹೋಟೆಲಿನ ಬ್ಯಾಂಡಿನಲ್ಲಿ ಕೆಲಸ ಸಿಕ್ಕಿ ದೇಶ ಬಿಡುವ ದಿನ ಬಂತು. ಬೆಳಗಿನ ಐದು ಗಂಟೆಗೆ ಜೀಪ್ನಿಯಲ್ಲಿ, ಅಂದರೆ ನಮ್ಮ ಟೆಂಪೋದಂಥ ಬಾಡಿಗೆ ಗಾಡಿಯಲ್ಲಿ, ಬಂದರಿಗೆ ಹೋಗುತ್ತಿದ್ದರು. ಡ್ರೈವರ್ ಹಾಕಿದ್ದ ರೇಡಿಯೋದಲ್ಲಿ ಇವರ ಹಾಡು ಶುರುವಾಯಿತು.

"ನಾನು ಯಾರಿಗೂ ಹೇಳ್ಲಿಲ್ಲ" ಎಂದರು. "ಪಕ್ಕದಲ್ಲಿ ಮೀನಿನ ಬುಟ್ಟಿ ಹಿಡ್ಕೊಂಡ ಹೆಂಗಸರು ಇದ್ರು. ಎರಡನೇ ಚರಣಕ್ಕೆ ಡ್ರೈವರ್ ಸ್ಟೇಷನ್ ಬದಲಾಯಿಸಿದ."

ಅವರು ನಗುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ. ಇದನ್ನು ನಿನ್ನ ನೋಟ್‌ಬುಕ್ಕಿಗೆ ಹಾಕಬೇಡ ಎಂದು ಹೇಳಿ ಇಳಿದು ಹೋದರು. ನಾನು ಹಾಕಲಿಲ್ಲ. ಗಂಡನಿಗೂ ಹೇಳಲಿಲ್ಲ. ಆದರೆ ವಾರವಿಡೀ ಆಫೀಸಿನ ಮೀಟಿಂಗುಗಳ ನಡುವೆ ಆ ಡ್ರೈವರ್ ನೆನಪಾಗುತ್ತಿದ್ದ. ಕಾನೂನು ಇದ್ದುದರಿಂದ ಹಾಡು ಬಂತು. ಕಾನೂನು ಅವನ ಕೈಯನ್ನು ತಡೆಯಲಿಲ್ಲ. ಇದು ಮಸೂದೆಯ ಪರವಾದ ಸಾಕ್ಷಿಯೋ ವಿರುದ್ಧವಾದ ಸಾಕ್ಷಿಯೋ ಎಂದು ಯೋಚಿಸಿ ಯೋಚಿಸಿ ನನಗೆ ಗೊತ್ತಾಗಲೇ ಇಲ್ಲ.

ಮುಂದಿನ ಭಾನುವಾರ ಕೈಯೆತ್ತಿಸಿ ಎಣಿಸುವುದೆಂದು ನಿಗದಿಯಾಗಿತ್ತು. ಎಣಿಸುವ ಮೊದಲು ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ನರ್ಸು ಕೇಳಿದಾಗ, ಹಿರಿಯರು ತಾವಾಗಿಯೇ ಆ ಕತೆ ಹೇಳಿದರು. ನನಗೆ ಹೇಳಿದ್ದಕ್ಕಿಂತ ಚಿಕ್ಕದಾಗಿ, ಬುಟ್ಟಿಯ ಹೆಂಗಸರನ್ನು ಬಿಟ್ಟು. ಕೊನೆಗೆ ಮಾತ್ರ ನನಗೆ ಹೇಳದ ಒಂದು ಮಾತು ಸೇರಿಸಿದರು.

"ಆ ಅರ್ಧ ಹಾಡೂ ಕೇಳದೇ ಹಡಗು ಹತ್ತಿದ್ರೆ, ನಾನು ಗಿಟಾರನ್ನ ಬರೀ ಸಂಬಳದ ಸಾಮಾನು ಅಂದ್ಕೊಂಡಿರ್ತಿದ್ದೆ."

ಆಮೇಲೆ ಮಾತಾಡಿದವಳು ಗಾಯಕಿ. ಹಿಂದಿನ ವಾರ ತನಗೆ ಸಿಟ್ಟು ಬಂದಿತ್ತು, ಈಗಲೂ ಇದೆ, ಫಾರಿನ್ ಅನ್ನುವ ಪದ ತಾನು ಒಪ್ಪುವುದಿಲ್ಲ ಎಂದಳು. ಆದರೆ ಕಾನೂನು ಬರಲಿ ಬಿಡಲಿ, ಮನಿಲಾದಲ್ಲಿ ತನ್ನ ಕಾರ್ಯಕ್ರಮಕ್ಕೆ ಮೊದಲು ಅಲ್ಲಿಯವರೇ ಒಬ್ಬರು ಹಾಡಲಿ, ಅವರಿಗೂ ತನಗಿರುವಷ್ಟೇ ದೀಪ, ತನಗಿರುವಷ್ಟೇ ಒಳ್ಳೆಯ ಮೈಕು ಇರಲಿ, ಟಿಕೆಟ್ಟಿನ ಮೇಲೆ ಅವರ ಹೆಸರೂ ಇರಲಿ ಎಂದು ಆಯೋಜಕರಿಗೆ ಬರೆದಿದ್ದಾಳಂತೆ. ಹಿರಿಯರು ಅವಳನ್ನು ದಿಟ್ಟಿಸಿ ನೋಡಿ, ಇದನ್ನು ಕಾನೂನಿನಲ್ಲಿ ಬರೆದರೆ ನಾನು ಕೈಯೆತ್ತುತ್ತೇನೆ ಎಂದರು.

ಹೀಗೆ ಎಣಿಕೆ ನಡೆಯಲೇ ಇಲ್ಲ. ಎರಡು ಪುಟದ ಪತ್ರವಾಯಿತು. ದೀಪ, ಮೈಕು, ಟಿಕೆಟ್ಟಿನ ಮೇಲಿನ ಹೆಸರು ಎಲ್ಲರ ಒಮ್ಮತದ ಬೇಡಿಕೆ. ಹೊರಗೆ ಹುಟ್ಟಿದವರ ವಿಷಯ ಮತ್ತೆ ಯೋಚಿಸಿ ಎಂಬುದೂ ಒಮ್ಮತ. ರೇಡಿಯೋ ಬಗ್ಗೆ ಮಾತ್ರ ಎರಡು ಅಭಿಪ್ರಾಯವನ್ನೂ ಬರೆದೆವು, ಸೆಬುವಿನವರ ತಕರಾರನ್ನು ಅವರದೇ ಮಾತಿನಲ್ಲಿ. ಸಹಿ ಹಾಕುವಾಗ ನನ್ನ ಮುಂದೆಯೂ ಪೆನ್ನು ಬಂತು. ನಾನು ಹಿಂಜರಿದೆ. ಇದು ಫಿಲಿಪಿನೋ ಸಂಗೀತಗಾರರ ಪತ್ರ, ನನ್ನ ಹೆಸರು ನೋಡಿದರೆ ಇಡೀ ಪತ್ರದ ಮೇಲೇ ಅನುಮಾನ ಪಡುತ್ತಾರೆ ಎಂದೆ. ನರ್ಸಿಗೆ ಅದು ಸರಿ ಎನಿಸಿತು, ಗಾಯಕಿಗೆ ಸರಿ ಎನಿಸಲಿಲ್ಲ. ಕಡೆಗೆ ಕೆಳಗೆ ಬೇರೆ ಸಾಲಿನಲ್ಲಿ, ಬರೆದುಕೊಂಡವಳು ಎಂದು ಹಾಕಿ ಹೆಸರು ಬರೆದೆ. ಹುಬ್ಬಳ್ಳಿಯವಳು ಎಂದೂ ಸೇರಿಸೋಣವೆನ್ನಿಸಿತು, ಸೇರಿಸಲಿಲ್ಲ.

ಮನಿಲಾದಿಂದ ಪತ್ರ ತಲುಪಿದ ಬಗ್ಗೆ ಎರಡು ಸಾಲಿನ ಉತ್ತರ ಬಂತು. ಮಸೂದೆ ಇನ್ನೂ ಸಮಿತಿಯ ಮುಂದೆ ಇದೆಯಂತೆ. ಗಾಯಕಿ ಹೋಗಿ ಹಾಡಿ ಬಂದಳು. ಅವಳಿಗಿಂತ ಮುಂಚೆ ಹಾಡಿದವಳು ಮನಿಲಾದ ಒಬ್ಬ ಶಾಲಾ ಟೀಚರು, ತನಗಿಂತ ಚೆನ್ನಾಗಿ ಹಾಡಿದಳು ಎಂದು ಗಾಯಕಿಯೇ ಹೇಳಿಕೊಂಡಳು.

ಜೀಪ್ನಿಯಲ್ಲಿ ಅರ್ಧ ಕೇಳಿದ ಆ ಹಾಡನ್ನು ನಮಗೆ ಕಲಿಸಿ ಎಂದು ಹಿರಿಯರನ್ನು ಪೀಡಿಸಲು ಶುರುಮಾಡಿದವಳು ನಾನು. ರೆಕಾರ್ಡು ಎಲ್ಲೂ ಉಳಿದಿಲ್ಲ, ಮೂರನೇ ಚರಣ ಅವರಿಗೇ ಮರೆತಿತ್ತು. ನೆನಪಾದಷ್ಟನ್ನು ಹಾಡಿದರು. ಬೇರೆಯವರು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದುಕೊಂಡರೆ ನಾನು ಸರಿಗಮದಲ್ಲಿ ಬರೆದೆ, ತಗಾಲೊಗ್ ಮಾತುಗಳನ್ನು ಕನ್ನಡ ಅಕ್ಷರದಲ್ಲಿ. ಮನೆಯಲ್ಲಿ ಅಭ್ಯಾಸ ಮಾಡುವಾಗ ಮಗಳು ಕಾಗದ ನೋಡಿ, ಓದಲು ಬರುತ್ತದೆ ಆದರೆ ಏನೂ ಅರ್ಥವಾಗುವುದಿಲ್ಲ, ಇದು ಕನ್ನಡವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಈ ಬೇಸಿಗೆಯಲ್ಲಿ, ಬೆಳ್ಳುಳ್ಳಿ ಬೆಳೆಗೆ ಹೆಸರಾದ ಗಿಲ್‌ರಾಯ್‌ನಲ್ಲಿ, ನರ್ಸಿನ ಸಂಬಂಧಿಕರೊಬ್ಬರ ಅರವತ್ತನೇ ಹುಟ್ಟುಹಬ್ಬದಲ್ಲಿ ಅದನ್ನು ನುಡಿಸಿದೆವು. ಯಾರ ಹಾಡೆಂದು ಹೇಳಬಾರದೆಂದು ಹಿರಿಯರು ಕಟ್ಟಪ್ಪಣೆ ಮಾಡಿದ್ದರು. ಹಿತ್ತಲಿನಲ್ಲಿ ಬೆಳ್ಳುಳ್ಳಿಯ ವಾಸನೆ, ಬಿಸಿಲು, ತಟ್ಟೆ ಹಿಡಿದು ಓಡಾಡುವ ಜನ. ಮುಗಿದ ಮೇಲೆ ವಯಸ್ಸಾದ ಹೆಂಗಸೊಬ್ಬಳು ಹಿರಿಯರ ಹತ್ತಿರ ಬಂದು ತಗಾಲೊಗಿನಲ್ಲಿ ಏನೋ ಕೇಳಿದಳು. ಅವರು ಹೌದು ಎಂದು ತಲೆಯಾಡಿಸಿದರು.

ವಾಪಸು ಬರುವಾಗ ಫ್ರೀವೇಯಲ್ಲಿ ಅವಳೇನು ಕೇಳಿದಳೆಂದು ವಿಚಾರಿಸಿದೆ. ಯಾವುದೋ ಹಳೆಯ ಸಿನಿಮಾದ ಹಾಡಲ್ಲವೇ ಎಂದಳಂತೆ. ಹಾಗಿದ್ದರೆ ಹೌದು ಎಂದು ಯಾಕೆ ಹೇಳಿದಿರಿ ಎಂದೆ.

"ಎರಡನೇ ಸಲ ಪಲ್ಲವಿ ಬಂದಾಗ ಅವಳೂ ಜೊತೆಗೆ ಹಾಡ್ತಾ ಇದ್ದಳು" ಎಂದು ಹೇಳಿ ಅವರು ಕಿಟಕಿಯ ಗಾಜು ಇಳಿಸಿದರು.