ಆಟಿಯಲ್ಲಿ ಬಿಚ್ಚಿದ ಟೇಬಲ್

ನಾನು ಕೆಲಸ ಮಾಡುವುದು ಗೋಣಿಕೊಪ್ಪದ ಒಂದು ಮದುವೆ ಮಾಹಿತಿ ಕೇಂದ್ರದಲ್ಲಿ. ಕೆಳಗೆ ಗೊಬ್ಬರದ ಅಂಗಡಿ, ಮೇಲೆ ನಾವು. ನಡೆಸುವವರು ಒಬ್ಬರು ನಿವೃತ್ತ ಟೀಚರ್. ಊರೆಲ್ಲ ಅವರನ್ನು ಟೀಚರ್ ಎಂದೇ ಕರೆಯುವುದು, ಅವರ ಯಜಮಾನರು ಸಹ. ಮಾತು ಅವರ ಇಲಾಖೆ, ಕಂಪ್ಯೂಟರ್ ನನ್ನದು. ಕೊಡವ, ಅರೆಭಾಷೆ, ಮಲಯಾಳ, ತುಳು ಎಲ್ಲ ಮನೆಯವರೂ ನಮ್ಮಲ್ಲಿ ಹೆಸರು ಬರೆಸುತ್ತಾರೆ. ಫೋನಿನಲ್ಲಿ ‘ಹಲೋ’ ಎಂದ ಕೂಡಲೇ ಯಾವ ಭಾಷೆಯಲ್ಲಿ ಮಾತು ಮುಂದುವರಿಸಬೇಕು ಎಂದು ಟೀಚರಿಗೆ ಗೊತ್ತಾಗುತ್ತದೆ. ನನಗೆ ಇನ್ನೂ ಆ ವಿದ್ಯೆ ಕೈಹಿಡಿದಿಲ್ಲ.

ಆಟಿ ತಿಂಗಳು ಬಂತೆಂದರೆ ನಮ್ಮ ಆಫೀಸಿಗೆ ನೊಣವೂ ಬರುವುದಿಲ್ಲ. ನಮ್ಮ ಮನೆಯಲ್ಲಿ ಅದು ಆಟಿ, ಟೀಚರ ಮನೆಯಲ್ಲಿ ಕಕ್ಕಡ. ಹೆಸರು ಯಾವುದಾದರೇನು, ಎರಡರಲ್ಲೂ ಮದುವೆಯ ಮಾತು ಎತ್ತುವ ಹಾಗಿಲ್ಲ. ಹೊರಗೆ ನಿಲ್ಲದ ಮಳೆ, ಗದ್ದೆಯಲ್ಲಿ ನಾಟಿ. ಟೀಚರ್ ಮನೆಯಿಂದ ಮದ್ದು ಸೊಪ್ಪಿನ ಪಾಯಸ ತಂದು, ಬಾಯೆಲ್ಲ ನೇರಳೆ ಆಗುವಷ್ಟು ತಿನ್ನಿಸಿ, “ಈಗ ನಿನ್ನ ಕಂಪ್ಯೂಟರಿಗೂ ಏನಾದರೂ ಮದ್ದು ಮಾಡು ಮಾರಾಯ್ತಿ” ಎನ್ನುತ್ತಾರೆ. ನಾನು ಟೇಬಲ್‌ಗಳನ್ನು ಪ್ಯಾಕ್ ಮಾಡಲು ಕೂರುವುದು ಆಗ.

ಟೇಬಲ್ ಎಂದರೆ ಮರದ್ದಲ್ಲ. ಹೆಸರು, ವಯಸ್ಸು, ಎತ್ತರ, ಕೆಲಸ, ನಿರೀಕ್ಷೆ ಎಂದು ಒಂದೊಂದಕ್ಕೂ ಒಂದು ಚೌಕದ ಮನೆ ಮಾಡಿ ಡೇಟಾಬೇಸ್‌ನಲ್ಲಿ ಸಾಲುಸಾಲಾಗಿ ತುಂಬಿಟ್ಟ ವಿವರ. ಒಬ್ಬರಿಗೆ ಒಂದು ಸಾಲು. ನಾವು ಬಾಡಿಗೆಗೆ ತೆಗೆದುಕೊಂಡ ಸರ್ವರಿನಲ್ಲಿ ಜಾಗ ಕಡಿಮೆ, ಮದುವೆ ಆಗಬೇಕಾದವರು ಜಾಸ್ತಿ. ಹಾಗಾಗಿ ವರ್ಷಾನುಗಟ್ಟಲೆ ಯಾರೂ ಮುಟ್ಟದ ಹಳೆಯ ವಿವರಗಳನ್ನು ಬೇರೆ ಟೇಬಲ್ಲಿಗೆ ಹಾಕಿ ಹಿಂಡಿ ಸಣ್ಣದು ಮಾಡುತ್ತೇನೆ. ಅದಕ್ಕೆ ಬಣ್ಣದ ಬಟನ್ ಏನಿಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಕಮ್ಯಾಂಡ್ ಟೈಪ್ ಮಾಡಿ ಎಂಟರ್ ಒತ್ತಿದರೆ ಆಯಿತು. ಆ ಹೊತ್ತಿನಲ್ಲಿ ಯಾರೂ ಟೇಬಲ್ ತೆರೆದಿರಬಾರದು, ಅದಕ್ಕೇ ಆಟಿ. ಕೆಲಸ ಮುಗಿದ ಮೇಲೆ ಎಷ್ಟು ಜಾಗ ಉಳಿಯಿತು ಎಂದು ಅದೇ ಹೇಳುತ್ತದೆ. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ, ಯಾಕೆಂದರೆ ಒಂದೇ ಮಾತು ಮತ್ತೆ ಮತ್ತೆ ಬಂದಷ್ಟೂ ಅದಕ್ಕೆ ಹಿಂಡಲು ಸುಲಭ. ನಮ್ಮ ಗಂಡಿನ ಕಡೆಯವರು ಕೇಳುವುದೂ ಎಲ್ಲರೂ ಒಂದನ್ನೇ. ಬೆಳ್ಳಗಿರಬೇಕು, ಹೊಂದಿಕೊಂಡು ಹೋಗಬೇಕು. ಕಂಪ್ಯೂಟರಿಗೇ ಸಾಕಾಗಿ ಅದು ಅವನ್ನೆಲ್ಲ ಚಿಕ್ಕ ಚಿಕ್ಕ ಗುರುತು ಮಾಡಿಕೊಳ್ಳುತ್ತದೆ ಎಂದು ನಾನು ಟೀಚರಿಗೆ ಹೇಳುವುದುಂಟು.

ಹೀಗೆ ಪ್ಯಾಕ್ ಆದ ಟೇಬಲನ್ನು ಓದಬಹುದು, ಅದರಲ್ಲಿ ಹುಡುಕಬಹುದು. ತಿದ್ದಲು, ಸೇರಿಸಲು, ಅಳಿಸಲು ಆಗುವುದಿಲ್ಲ. ತಿದ್ದಲೇಬೇಕು ಎಂದರೆ ಇಡೀ ಟೇಬಲ್ ಬಿಚ್ಚಬೇಕು. ಮೊದಲ ವರ್ಷ ನಾನು ಪ್ಯಾಕ್ ಮಾಡಿ, ಆಮೇಲೆ ಹುಡುಕಲು ಬೇಕಾದ ಇಂಡೆಕ್ಸ್ ಮತ್ತೆ ಕಟ್ಟುವ ಎರಡನೇ ಕಮ್ಯಾಂಡ್ ಮರೆತು, ಊಟಕ್ಕೆ ಹೋಗಿಬಿಟ್ಟಿದ್ದೆ. ಹುಡುಕಿದವರಿಗೆಲ್ಲ ‘ಟೇಬಲ್ ಕೆಟ್ಟಿದೆ’ ಎಂದು ಬಂತು. ನಾಪೋಕ್ಲಿನ ಒಬ್ಬರು ಫೋನ್ ಮಾಡಿ, “ಎಂತ ಮೇಡಂ, ಹೆಣ್ಣುಗಳೆಲ್ಲ ಒಟ್ಟಿಗೆ ಕೆಟ್ಟು ಹೋದವಾ?” ಎಂದು ಕೇಳಿದರು. ಟೀಚರ್ ಅದನ್ನು ಇವತ್ತಿಗೂ ಬಂದವರಿಗೆಲ್ಲ ಹೇಳಿ ನಗಿಸುತ್ತಾರೆ.

ಹೋದ ಸಲದ ಆಟಿಯಲ್ಲಿ ಎಲ್ಲ ಸರಿಯಾಗಿ ಮುಗಿಸಿ ಹತ್ತು ದಿನ ಆಗಿತ್ತು, ಕಾಫಿ ಕಾಸಿ ಕೂತಿದ್ದೆ. ಮೆಟ್ಟಿಲ ಮೇಲೆ ಗಂಬೂಟಿನ ಶಬ್ದ. ನಲವತ್ತು ದಾಟಿದ ಒಬ್ಬರು ಬಾಗಿಲಲ್ಲೇ ಕೊಡೆ ಮಡಚಿ ನಿಂತರು. ಪಾಲಿಬೆಟ್ಟದ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್ ಅಂತೆ. ಕೂಲಿಯವರ ಹಾಜರಿ, ಕೆಲಸ ಹಂಚುವುದು ಎಲ್ಲ ಅವರದ್ದೇ. ಕಾಫಿ ಕೊಯ್ಯುವ ಪಿಕ್ಕಿಂಗ್ ಸಮಯದಲ್ಲಿ ತಲೆ ಕೆರೆಯಲೂ ಪುರುಸೊತ್ತಿಲ್ಲ, ಮಳೆಯಲ್ಲಿ ಮಾತ್ರ ಬಿಡುವು, ಆಟಿ ಎಂದು ಗೊತ್ತಿದ್ದೂ ಬಂದೆ ಎಂದರು.

“ನನ್ನದೊಂದು ಸಾಲು ಉಂಟು ಮೇಡಂ ನಿಮ್ಮಲ್ಲಿ. ಅದನ್ನು ಬದಲಾಯಿಸಬೇಕಿತ್ತು. ಮನೆಯಿಂದ ನಾಲ್ಕು ಸಲ ನೋಡಿದೆ, ‘ಓದಲು ಮಾತ್ರ’ ಅಂತ ಬರ್ತದೆ.”

“ಹಳೆಯದೆಲ್ಲ ಪ್ಯಾಕ್ ಆಗಿದೆ ರೈಟ್ರೇ. ಈಗ ಆಗುವುದಿಲ್ಲ.” ನನಗೆ ಅಷ್ಟು ಕೆಲಸ ಮಾಡಿ ಮುಗಿಸಿದ ಮೇಲೆ ಯಾರಾದರೂ ಬಂದು ಬಿಚ್ಚು ಎಂದರೆ ಮೈಯೆಲ್ಲ ಉರಿಯುತ್ತದೆ. “ಬೇಕಾದರೆ ಹೊಸದಾಗಿ ಬರೆಸಿ” ಎಂದೆ.

ಅವರು ಕುರ್ಚಿಯ ತುದಿಯಲ್ಲಿ ಕೂತು, ಬೇಡ ಬೇಡ ಎನ್ನುತ್ತಲೇ ನಾನು ಕೊಟ್ಟ ಕಾಫಿ ಕುಡಿದು, ಸಂಗತಿ ಹೇಳಿದರು. ಎಸ್ಟೇಟಿನ ಆಸ್ಪತ್ರೆಗೆ ಒಬ್ಬರು ನರ್ಸ್ ಬಂದು ಎರಡು ವರ್ಷ ಆಯಿತು. ಗಂಡ ತೀರಿಹೋಗಿದ್ದಾರೆ, ಒಬ್ಬಳು ಮಗಳಿದ್ದಾಳೆ. ಸಂಜೆ ಆಸ್ಪತ್ರೆಯ ಜಗಲಿಯಲ್ಲಿ ರೈಟ್ರು ಆ ಮಗಳಿಗೆ ಲೆಕ್ಕ ಹೇಳಿಕೊಡುತ್ತ, ಅವರಿಗೂ ನರ್ಸಿಗೂ ಮಾತು ಬೆಳೆದಿದೆ. ಮದುವೆಗೆ ಕೇಳುವುದೊಂದು ಬಾಕಿ. ಅಷ್ಟರಲ್ಲಿ ನರ್ಸಿಗೆ ಯಾರೋ ಫೋನಿನಲ್ಲಿ ನಮ್ಮ ವೆಬ್‌ಸೈಟ್ ತೋರಿಸಿದ್ದಾರೆ. ಅದರಲ್ಲಿ ರೈಟ್ರ ಫೋಟೊ, ಕೆಳಗೆ ನಿರೀಕ್ಷೆ.

ನಾನು ತೆರೆದು ಓದಿದೆ. ‘ಮೊದಲ ಮದುವೆಯ ಹುಡುಗಿಯೇ ಆಗಬೇಕು. ಬೆಳ್ಳಗಿರಬೇಕು. ಮೂವತ್ತರ ಒಳಗಿನವಳು. ಕೆಲಸಕ್ಕೆ ಹೋಗುವವರು ಬೇಡ.’

ಒಂದೊಂದು ಮಾತೂ ಆ ನರ್ಸಮ್ಮನನ್ನು ಎದುರಿಗೆ ಕೂರಿಸಿಕೊಂಡು, ನೀನು ಬೇಡ ಎಂದು ಬರೆದ ಹಾಗಿತ್ತು.

“ಇದು ನಾನು ಬರೆಸಿದ್ದಲ್ಲ ಮೇಡಂ. ಎಷ್ಟೋ ವರ್ಷದ ಹಿಂದೆ ನಮ್ಮ ಅವ್ವ ಬಂದು ಬರೆಸಿದ್ದು. ಹಾಗಂತ ಸಿಸ್ಟರಿಗೆ ಹೇಳಿದೆ. ‘ಸರಿ, ಹಾಗಾದರೆ ಬದಲಾಯಿಸಿ, ನೋಡುವ’ ಅಂದರು. ಬದಲಾಯಿಸ್ತೇನೆ ಅಂದೆ. ನಿಮ್ಮ ವೆಬ್‌ಸೈಟ್ ಬಿಡಲಿಲ್ಲ. ಈಗ ಅವರು ನನ್ನ ಹತ್ರ ಮಾತಾಡುವುದಿಲ್ಲ. ಎದುರು ಸಿಕ್ಕಿದರೆ ‘ಜ್ವರವಾ ರೈಟ್ರೇ?’ ಅಂತ ಕೇಳಿ ಹೋಗ್ತಾರೆ ಅಷ್ಟೆ.”

“ಅಳಿಸಿಯೇ ಬಿಡಲಾ?”

“ಬೇಡ. ಅಳಿಸಿದರೆ ಮುಚ್ಚಿಟ್ಟ ಹಾಗಾಗ್ತದೆ. ಬದಲಾಯಿಸಿದ್ದು ಅವರಿಗೆ ಕಾಣಬೇಕು.”

ನನ್ನ ಉರಿ ಅಲ್ಲಿಗೇ ಇಳಿಯಿತು. ಈ ಕೆಲಸಕ್ಕೆ ಸೇರಿದ ಮೇಲೆ ಗಂಡಸರ ಬಾಯಲ್ಲಿ ಅಷ್ಟು ನೇರವಾದ ಮಾತು ಕೇಳಿದ್ದು ಕಡಿಮೆ. ಕಪ್ಪು ಪರದೆ ತೆರೆದೆ.

ಬಿಚ್ಚುವ ಕಮ್ಯಾಂಡ್ ಕೊಟ್ಟರೆ ಜಾಗ ಸಾಲುವುದಿಲ್ಲ ಎಂದು ಹೇಳಿ ನಿಂತಿತು. ಹಿಂಡಿದ್ದನ್ನು ಅರಳಿಸಲು ಜಾಗ ಬೇಕಲ್ಲ, ಆ ಉಳಿದ ಜಾಗಕ್ಕೆ ಟೀಚರ್ ಆಗಲೇ ನಮ್ಮಲ್ಲಿ ಕೂಡಿಬಂದ ಜೋಡಿಗಳ ಮದುವೆ ಫೋಟೊಗಳನ್ನು ತುಂಬಿಸಿದ್ದರು. ಅವನ್ನೆಲ್ಲ ಪೆನ್‌ಡ್ರೈವಿಗೆ ಸಾಗಿಸುತ್ತೇನೆ ಎಂದಾಗ ಅವರಿಗೆ ತಮ್ಮ ಮಕ್ಕಳನ್ನೇ ಮನೆಯಿಂದ ಹೊರಗೆ ಹಾಕಿದಷ್ಟು ಸಂಕಟ. “ಆ ಸೋಮವಾರಪೇಟೆಯ ಜೋಡಿಯನ್ನಾದರೂ ಬಿಡು, ಅವರಿಗೆ ಅವಳಿ ಆಯಿತು” ಎಂದರು. ಅವಳಿಯ ಅಪ್ಪ ಅಮ್ಮನೂ ಪೆನ್‌ಡ್ರೈವಿಗೆ ಹೋದರು. ನಡುವೆ ಕರೆಂಟು ಹೋಗಿ, ಯುಪಿಎಸ್ ಕಿರುಚಿ, ಮತ್ತೆ ಬಂತು. ಟೇಬಲ್ ಬಿಚ್ಚಿಕೊಂಡಿತು.

ಇನ್ನೇನು, ತಿದ್ದುವುದಷ್ಟೇ ಎಂದುಕೊಂಡು ರೈಟ್ರ ಸಾಲಿನ ಎದುರಿನ ಬಟನ್ ಒತ್ತಿದೆ. ಬರೆಸಿದವರ ನಂಬರಿಗೆ ಓಟಿಪಿ ಹೋಗಿದೆ, ಹಾಕಿ ಎಂದಿತು.

ರೈಟ್ರು ತಮ್ಮ ಫೋನ್ ತೆಗೆದು ನೋಡಿದರು. ಏನೂ ಬಂದಿರಲಿಲ್ಲ. ನಾನು ನಂಬರ್ ಓದಿ ಹೇಳಿದೆ. ಅವರ ಮುಖ ನೋಡುವ ಹಾಗಿತ್ತು.

“ಅದು ಅವ್ವನ ನಂಬರು.”

“ಅವ್ವನಿಗೆ ಈ ವಿಷಯ ಗೊತ್ತುಂಟಾ?”

“ಇಲ್ಲ ಮೇಡಂ. ಹೇಗೆ ಹೇಳುವುದು ಅಂತ.”

ಓಟಿಪಿ ಇಲ್ಲದೆಯೂ ಕಪ್ಪು ಪರದೆಯಿಂದ ಒಂದೇ ಸಾಲಿನಲ್ಲಿ ತಿದ್ದಿಬಿಡಬಹುದು, ನನಗೆ ಗೊತ್ತಿತ್ತು. ಕೈ ಹೋಗಿಯೂ ಇತ್ತು. ಟೀಚರ್ ಕನ್ನಡಕದ ಮೇಲಿಂದ ನೋಡಿದರು. “ಅಮ್ಮ ಬರೆಸಿದ್ದನ್ನು ಅಮ್ಮನೇ ಬದಲಾಯಿಸಬೇಕು. ನಾಳೆ ಆ ಹುಡುಗಿ ಆ ಮನೆಗೆ ಹೋಗಬೇಕಲ್ಲ, ಈ ಕಂಪ್ಯೂಟರಿಗೆ ಅಲ್ಲ” ಎಂದರು. ಟೀಚರ್ ಹೀಗೆ ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸುವಾಗ ನನಗೆ ಸಿಟ್ಟೂ ಬರುತ್ತದೆ, ಅವರ ಮೇಲೆ ಪ್ರೀತಿಯೂ ಬರುತ್ತದೆ.

ಅವ್ವ ಇರುವುದು ಭಾಗಮಂಡಲದ ಹತ್ತಿರ, ಮಗಳ ಮನೆಯಲ್ಲಿ. ರೈಟ್ರು ಫೋನ್ ಮಾಡಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ರೇಂಜಿಗಾಗಿ ಅವ್ವ ಜಗಲಿಯ ತುದಿಗೆ ಬಂದು ನಿಂತಿದ್ದರು, ಶೀಟಿನ ಮೇಲೆ ಮಳೆ ಬೀಳುವುದು ನಮಗೂ ಕೇಳುತ್ತಿತ್ತು.

“ಅವ್ವ, ನಿನ್ನ ಫೋನಿಗೆ ಒಂದು ನಂಬರ್ ಬಂದಿರ್ತದೆ. ಅದನ್ನು ಓದು.”

“ಓದುವುದಿಲ್ಲ. ಯಾರು ಕೇಳಿದರೂ ಹೇಳಬೇಡಿ ಅಂತ ಬ್ಯಾಂಕಿನವರು ಹೇಳಿದ್ದಾರೆ.”

“ನಾನು ಕೇಳ್ತಾ ಇರುವುದು ಅವ್ವ, ನಿನ್ನ ಮಗ.”

“ಮಗನ ದನಿಯಲ್ಲಿ ಮಾತಾಡುವವರೂ ಇದ್ದಾರಂತೆ.”

ಟೀಚರ್ ಸೀರೆಯ ಸೆರಗು ಬಾಯಿಗೆ ಒತ್ತಿ ಹಿಡಿದರು. ನಾನು ಫೋನಿನ ಹತ್ತಿರ ಬಗ್ಗಿ, ಮದುವೆ ಕೇಂದ್ರದಿಂದ ಮಾತಾಡುತ್ತಿದ್ದೇನೆ ಅಮ್ಮ, ನೀವು ಹಿಂದೆ ಬರೆಸಿದ್ದನ್ನು ತಿದ್ದಲಿಕ್ಕೆ ಎಂದೆ.

“ಆಟಿಯಲ್ಲಿ ಎಂತ ಮದುವೆ ಮಾತು? ಅದರಲ್ಲಿ ಎಂತ ತಪ್ಪುಂಟು? ಓದಿ, ಕೇಳುವ.”

ನಾನು ಓದಿದೆ. ಮೊದಲ ಮದುವೆಯ ಹುಡುಗಿ ಎಂದಾಗ ಹ್ಞೂಂ ಎಂದರು. ಬೆಳ್ಳಗಿರಬೇಕು ಎಂದಾಗಲೂ ಹ್ಞೂಂ. ಕೆಲಸಕ್ಕೆ ಹೋಗುವವರು ಬೇಡ ಎಂದಾಗ ಮಾತ್ರ, “ಇದೆಲ್ಲ ನಾನಾ ಬರೆಸಿದ್ದು?” ಎಂದರು. “ನನ್ನ ಮಗಳೇ ಟೀಚರ್ ಕೆಲಸಕ್ಕೆ ಹೋಗ್ತಾಳೆ. ಆಗ ಎಲ್ಲರೂ ಹೀಗೇ ಬರೆಸ್ತಿದ್ದರು, ನಾನೂ ಬರೆಸಿದೆ ಕಾಣ್ತದೆ.” ಆಮೇಲೆ ದನಿ ತಗ್ಗಿಸಿ, ನಮಗೆಲ್ಲ ಕೇಳುತ್ತದೆ ಎಂಬ ಅಂದಾಜಿಲ್ಲದೆ ಕೇಳಿದರು, “ಮೇಡಂ, ಅವನು ಯಾರನ್ನಾದರೂ ನೋಡಿದ್ದಾನಾ?”

ನಾನು ಫೋನನ್ನು ರೈಟ್ರ ಕಡೆಗೆ ತಳ್ಳಿದೆ. ನೂರಾರು ಆಳುಗಳನ್ನು ಗದರಿಸಿ ಕೆಲಸ ಮಾಡಿಸುವ ಮನುಷ್ಯ, ನೆಲ ನೋಡಿಕೊಂಡು ಹೇಳಿದರು. ನರ್ಸ್ ಎಂದು, ಗಂಡ ಇಲ್ಲ ಎಂದು, ಮಗಳೊಬ್ಬಳು ಇದ್ದಾಳೆ ಎಂದು. ಹೇಳಿ ಮುಗಿಸಿ ಒದ್ದೆ ಕೊಡೆಯನ್ನು ಸುಮ್ಮನೆ ಬಿಚ್ಚಿ ಮಡಚಿದರು. ಆ ಹೊತ್ತಿಗೆ ಓಟಿಪಿಯ ಸಮಯವೂ ಮುಗಿದುಹೋಗಿತ್ತು.

“ಮಗು ಎಷ್ಟನೇ ಕ್ಲಾಸು?” ಎಂದು ಅವ್ವ ಕೇಳಿದರು.

“ನಾಲ್ಕು.”

“ನಿನ್ನ ಹತ್ರ ಮಾತಾಡ್ತದಾ?”

“ದಿನಾ ಲೆಕ್ಕ ಹೇಳಿಸಿಕೊಳ್ತದೆ ಅವ್ವ. ಈಗ ಒಂದು ವಾರದಿಂದ ಬರ್ತಾ ಇಲ್ಲ.”

ನಾನು ಎರಡನೇ ಸಲ ಓಟಿಪಿ ಕಳಿಸಿದೆ. ಅಲ್ಲಿ ಫೋನು ಟಿಣ್ ಎಂದದ್ದು ಕೇಳಿತು. ಅವ್ವ ಒಂದೊಂದೇ ಅಂಕೆ ಓದಿದರು, ಪ್ರತಿ ಅಂಕೆಗೂ ನಾನು ಹಾಕಿದೆ ಎನ್ನುವವರೆಗೆ ಕಾದು. ನಿರೀಕ್ಷೆಯ ಮನೆ ತೆರೆದುಕೊಂಡಿತು.

“ಹಳೆಯದೆಲ್ಲ ತೆಗೆದಿದ್ದೇನೆ ಅಮ್ಮ. ಈಗ ಎಂತ ಬರೆಯಲಿ? ಖಾಲಿ ಬಿಡಲಾ?”

“ಖಾಲಿ ಯಾಕೆ? ಬರೆಯಿರಿ. ‘ನಾಲ್ಕನೇ ಕ್ಲಾಸಿಗೆ ಹೋಗುವ ಒಬ್ಬಳು ಮಗಳು ಇರಲೇಬೇಕು.’ ಬರೆದಿರಾ?”

“ಬರೆದೆ.”

“ಸಾಕು. ಬಾಕಿ ಎಲ್ಲ ಅವನೇ ನೋಡಿಕೊಳ್ಳಲಿ” ಎಂದು ಫೋನ್ ಇಟ್ಟರು.

ರೈಟ್ರು ಪರದೆಯ ಹತ್ತಿರ ಬಂದು ಅದನ್ನು ಎರಡು ಸಲ ಓದಿ, ಕೊಡೆ ಅಲ್ಲೇ ಮರೆತು ಮಳೆಯಲ್ಲೇ ಇಳಿದು ಹೋದರು. ನಾನು ಅತ್ತುಬಿಟ್ಟೆ ಎಂದು ಹೇಳಲು ನಾಚಿಕೆ ಇಲ್ಲ. ಟೀಚರ್ ಮಾತ್ರ ಕಣ್ಣು ಒರೆಸಿಕೊಂಡವರೇ, “ಇನ್ನು ಪ್ಯಾಕ್ ಮಾಡು, ನನ್ನ ಫೋಟೊ ವಾಪಸ್ ಹಾಕಬೇಕು” ಎಂದರು. ಆಟಿ ಮುಗಿಯಲಿ ಟೀಚರ್, ಈ ಟೇಬಲ್ ಸ್ವಲ್ಪ ದಿನ ಬಿಚ್ಚಿಕೊಂಡೇ ಇರಲಿ ಎಂದೆ.

ಎರಡು ದಿನ ಕಳೆದು ಬೆಳಿಗ್ಗೆ ಫೋನ್ ಬಂತು. ಟೀಚರ್ ಇರಲಿಲ್ಲ, ನಾನೇ ಎತ್ತಿದೆ. ಪಾಲಿಬೆಟ್ಟದ ಎಸ್ಟೇಟ್ ಆಸ್ಪತ್ರೆಯಿಂದ ನರ್ಸ್ ಎಂದರು. ಗಂಭೀರವಾದ ದನಿ, ಜ್ವರ ಎಷ್ಟುಂಟು ಎಂದು ಕೇಳುವವರದ್ದು.

“ನಿಮ್ಮಲ್ಲಿ ರೈಟ್ರದ್ದು ಒಂದು ಸಾಲುಂಟಲ್ಲ. ಅದರಲ್ಲಿ ಮಗಳು ಇರಲೇಬೇಕು ಅಂತ ಉಂಟು. ಅದು ಅವರು ಬರೆದದ್ದಾ, ನೀವೇ ಚಂದಕ್ಕೆ ಸೇರಿಸಿದ್ದಾ?”

“ಎರಡೂ ಅಲ್ಲ ಸಿಸ್ಟರ್. ಅವರ ಅವ್ವ ಹೇಳಿ ಬರೆಸಿದ್ದು. ನಾನು ಟೈಪ್ ಮಾಡಿದ್ದು ಮಾತ್ರ.”

ಆ ಕಡೆ ಕುರ್ಚಿ ಎಳೆದು ಕೂತ ಶಬ್ದ ಕೇಳಿತು.

“ಒಂದು ನಂಬರ್ ಬೇಕಿತ್ತು” ಎಂದರು. ಈಗ ದನಿ ಬೇರೆಯೇ ಆಗಿತ್ತು.

“ರೈಟ್ರ ನಂಬರಾ?”

“ರೈಟ್ರದ್ದು ನನ್ನ ಹತ್ರ ಉಂಟು. ಅವ್ವನದ್ದು ಕೊಡಿ.”